ಭಾನುವಾರ ಏರ್ ರೈಫಲ್ ರೇಂಜಿಗೆ ಹೋಗಿದ್ದೆವು, ಆಸಕ್ತಿ ಇರುವವರು ಬನ್ನಿ ಮಾತಾಡೋಣ

ಕುಂದವಾಡ ಕೆರೆ ದಂಡೆ · ಸೋಮವಾರ, ರಾತ್ರಿ 9.20

ಹೋದ ಭಾನುವಾರ ನಾವು ನಾಲ್ಕು ಜನ ದಾವಣಗೆರೆ ಹೊರಗಿನ ಒಂದು ಚಿಕ್ಕ ಏರ್ ರೈಫಲ್ ರೇಂಜಿಗೆ, ಅಂದರೆ ಗಾಳಿ ಬಂದೂಕಿನಲ್ಲಿ ಗುರಿ ಹೊಡೆಯುವ ಜಾಗಕ್ಕೆ, ಹೋಗಿದ್ದೆವು. ನಾನು, ನನ್ನ ತಂಗಿ, ಅವಳ ಹದಿಮೂರು ವರ್ಷದ ಮಗ, ಆಫೀಸಿನ ಒಬ್ಬ ಗೆಳೆಯ. ಬೆಳಿಗ್ಗೆ ಬೆಣ್ಣೆದೋಸೆ ತಿಂದು ಹೊರಟವರು, ವಾಪಸ್ ಬಂದಾಗ ಬೀದಿ ದೀಪ ಹತ್ತಿತ್ತು. ಇಡೀ ದಿನದಲ್ಲಿ ನಾನು ಹೊಡೆದದ್ದು ನೂರಕ್ಕಿಂತ ಕಡಿಮೆ ಗುಂಡು. ಆದರೂ ಆ ದಿನ ಇನ್ನೂ ತಲೆಯಲ್ಲೇ ಇದೆ. ನಮ್ಮ ಊರ ಕಡೆ ಈ ಆಟದ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಜಾಗ ದೊಡ್ಡದೇನಲ್ಲ. ಒಂದು ತಗಡಿನ ಶೆಡ್ಡು. ಮೊದಲು ಅಕ್ಕಿ ಮೂಟೆ ಇಡುವ ಗೋದಾಮಾಗಿತ್ತಂತೆ. ಒಂದು ಬದಿಗೆ ಉದ್ದದ ಟೇಬಲ್ಲು. ಅಲ್ಲಿಂದ ಸರಿಯಾಗಿ 10 ಮೀಟರ್ ಆಚೆ ಸಾಲಾಗಿ ಕಬ್ಬಿಣದ ಪೆಟ್ಟಿಗೆಗಳು, ಪೆಟ್ಟಿಗೆಯ ಬಾಯಿಗೆ ಕಾಗದದ ಕಾರ್ಡು. ಗುಂಡು ಕಾರ್ಡು ತೂರಿ, ಒಳಗಿನ ಓರೆ ತಗಡಿಗೆ ಬಡಿದು, ಪೆಟ್ಟಿಗೆಯಲ್ಲೇ ಬೀಳುತ್ತದೆ. ಹೊರಗೆ ಹಾರುವುದಿಲ್ಲ. ಇಷ್ಟೇ ರೇಂಜು.

ಒಳಗೆ ಕಾಲಿಟ್ಟ ಕೂಡಲೇ ರೈಫಲ್ ಕೈಗೆ ಕೊಡುತ್ತಾರೆ ಅಂದುಕೊಂಡಿದ್ದೆ. ಮುಕ್ಕಾಲು ಗಂಟೆ ಮುಟ್ಟಲೂ ಬಿಡಲಿಲ್ಲ. ಕಲಿಸುವವರು ನಮ್ಮನ್ನು ಬೆಂಚಿನ ಮೇಲೆ ಕೂರಿಸಿ ಒಬ್ಬೊಬ್ಬರ ಬಾಯಲ್ಲೂ ಹೇಳಿಸಿದರು. ನಳಿಗೆ ಯಾವಾಗಲೂ ಗುರಿಯ ಕಡೆಗೇ ಇರಬೇಕು. ಖಾಲಿ ಅಂತ ಗೊತ್ತಿದ್ದರೂ ತುಂಬಿದೆ ಅಂತಲೇ ಹಿಡಿಯಬೇಕು. ಗುರಿ ಕೂರುವ ತನಕ ಬೆರಳು ಟ್ರಿಗರ್ ಹತ್ತಿರ ಹೋಗಬಾರದು. 'ಸ್ಟಾಪ್' ಅಂದರೆ ಉಸಿರಿನ ನಡುವೆ ಇದ್ದರೂ ನಿಲ್ಲಬೇಕು. ನನ್ನ ಅಳಿಯ ಪಾಠ ಒಪ್ಪಿಸುವ ಹಾಗೆ ಮೂರು ಸಲ ಒಪ್ಪಿಸಿದ.

ಒಂದು ಚಿಕ್ಕ ವಸ್ತು ನನಗೆ ತುಂಬ ಹಿಡಿಸಿತು. ಪ್ರತಿ ರೈಫಲ್ಲಿನ ನಳಿಗೆಯಲ್ಲೂ ಕೆಂಡದ ಬಣ್ಣದ ಗಟ್ಟಿ ನೈಲಾನ್ ದಾರ ತೂರಿಸಿಟ್ಟಿದ್ದರು. ಒಂದು ತುದಿ ಬಾಯಿಂದ ಆಚೆ, ಇನ್ನೊಂದು ತುದಿ ಹಿಂದೆ ಗುಂಡು ಹಾಕುವ ಜಾಗದಿಂದ ಆಚೆ. ಎರಡೂ ಕಡೆ ದಾರ ಕಂಡರೆ ಒಳಗೆ ಗುಂಡಿಲ್ಲ ಅಂತ ಅರ್ಥ. ಯಾರನ್ನೂ ಕೇಳಬೇಕಾಗಿಲ್ಲ, ಯಾರ ಮಾತನ್ನೂ ನಂಬಬೇಕಾಗಿಲ್ಲ. ದೂರದಿಂದಲೇ ಕಣ್ಣಿಗೆ ಕಾಣುತ್ತದೆ.

ಇನ್ನು ಆ ಕಾರ್ಡು. ಅಂಗೈ ಅಗಲ. ನಡುವೆ ಕಪ್ಪು ಬಿಲ್ಲೆ, 30.5 ಮಿ.ಮೀ. ಹತ್ತು ರೂಪಾಯಿ ನಾಣ್ಯಕ್ಕಿಂತ ಚೂರು ದೊಡ್ಡದು. ಅದರ ನಟ್ಟನಡುವೆ ಒಂದು ಬಿಳಿ ಚುಕ್ಕೆ, ಅರ್ಧ ಮಿ.ಮೀ. ಅದೇ ಹತ್ತು ಅಂಕ. ರಾಗಿ ಕಾಳು ತಂದು ಪಕ್ಕದಲ್ಲಿಟ್ಟರೆ ರಾಗಿಯೇ ದಪ್ಪ ಕಾಣುತ್ತದೆ! ನಾವು ಹೊಡೆಯುವ ಪೆಲೆಟ್ 4.5 ಮಿ.ಮೀ. ಡಮರುಗದ ಆಕಾರ, ನಡು ಸಣ್ಣ, ಮುಂದೆ ಚಪ್ಪಟೆ. ಆ ಚಪ್ಪಟೆ ಮೂತಿಯಿಂದಲೇ ಕಾಗದದಲ್ಲಿ ಪಂಚ್ ಮಾಡಿದ ಹಾಗೆ ದುಂಡನೆ ತೂತು ಬೀಳುತ್ತದೆ. ನಿಂತ ಜಾಗದಿಂದ ಆ ಬಿಳಿ ಚುಕ್ಕೆ ಕಾಣುವುದೇ ಇಲ್ಲ. ಗುರಿ ನೋಡಲು ರೈಫಲ್ಲಿನ ಮೇಲೆ ಹಿಂದೊಂದು, ಮುಂದೊಂದು ಸೈಟ್ ಇರುತ್ತದೆ. ಕಪ್ಪು ಬಿಲ್ಲೆಯನ್ನು ಮುಂದಿನ ಸೈಟಿನ ಬಳೆಯೊಳಗೆ ನಡುವೆ ಕೂರಿಸಬೇಕು, ಅಷ್ಟೇ. ಚುಕ್ಕೆ ಅಲ್ಲಿದೆ ಅಂತ ನಂಬಿ ಹೊಡೆಯಬೇಕು.

ಮೊದಲು ಟೇಬಲ್ ಮೇಲೆ ಆಸರೆ ಕೊಟ್ಟು ಹೊಡೆಸಿದರು. ಐದು ಗುಂಡು. ಐದೂ ಎಡಕ್ಕೆ, ಕೆಳಗೆ. ನನಗೆ ಬೇಜಾರಾಯಿತು. ಕಲಿಸುವವರು ಕಾರ್ಡು ಕಿತ್ತು ತಂದು, ಜೇಬಿನಿಂದ ಒಂದು ರೂಪಾಯಿ ನಾಣ್ಯ ತೆಗೆದು ಆ ತೂತುಗಳ ಮೇಲೆ ಇಟ್ಟರು. ಐದೂ ಮುಚ್ಚಿಹೋದವು. "ಗುಂಪು ಕೂತಿದೆ. ಎಲ್ಲಿ ಕೂತಿದೆ ಅನ್ನೋದು ಆಮೇಲಿನ ಮಾತು, ಅದಕ್ಕೆ ಸೈಟ್ ತಿರುಗಿಸಿದರಾಯ್ತು" ಅಂದರು. ಟಿಕ್ ಟಿಕ್ ಅಂತ ನಾಲ್ಕಾರು ಸಲ ತಿರುಗಿಸಿದರು. ಮುಂದಿನ ಐದು ಕಪ್ಪಿನ ಒಳಗೆ ಬಂದವು.

ಆಮೇಲೆ ನಿಂತು ಹೊಡೆಯುವುದು. ಅಲ್ಲಿ ಶುರುವಾಯಿತು ನಿಜವಾದ ಆಟ. ಸುಮ್ನೆ ನಿಲ್ಲುವುದು ಎಷ್ಟು ಕಷ್ಟ ಅಂತ ನನಗೆ ಮೊದಲ ಸಲ ಗೊತ್ತಾಗಿದ್ದೇ ಅಲ್ಲಿ. ಎಡ ಮೊಣಕೈ ಸೊಂಟದ ಮೂಳೆಗೆ ಆನಿಸಿ, ಬೆನ್ನು ತುಸು ಹಿಂದಕ್ಕೆ ಬಾಗಿಸಿ, ರೈಫಲ್ಲಿನ ಭಾರ ಮೂಳೆಗೆ ಬಿಟ್ಟು ನಿಲ್ಲಬೇಕು. ತೋಳಿನ ಶಕ್ತಿ ಹಾಕಿದರೆ ನಡುಕ. ಸೈಟಿನಲ್ಲಿ ನೋಡಿದರೆ ನನ್ನ ಎದೆ ಬಡಿತ ಅಲ್ಲಿ ಕಾಣುತ್ತಿತ್ತು. ಕಪ್ಪು ಬಿಲ್ಲೆ ಒಂದೊಂದು ಬಡಿತಕ್ಕೂ ಮೆಲ್ಲಗೆ ಕುಪ್ಪಳಿಸುತ್ತಿತ್ತು. ಮುಂದಿನ ಸೈಟ್ ಒಂದೇ ಒಂದು ಮಿ.ಮೀ. ಸರಿದರೆ ಕಾರ್ಡಿನ ಮೇಲೆ ಒಂದು ಸೆಂ.ಮೀ.ಗಿಂತ ಜಾಸ್ತಿ ಸರಿಯುತ್ತದೆ.

ಈಗ ನಾನು ಹೇಳಬೇಕೆಂದಿದ್ದ ಮಾತು. ಒಂದು ಗುಂಡಿಗೆ ನಾನು ತುಂಬ ಹೊತ್ತು ಗುರಿ ಹಿಡಿದು ನಿಂತಿದ್ದೆ. ಬಿಲ್ಲೆ ಬಳೆಯೊಳಗೆ ಬರುತ್ತಿತ್ತು, ಹೋಗುತ್ತಿತ್ತು. ಉಸಿರು ಕಟ್ಟುತ್ತಿತ್ತು. ಈಗ ಬಂತು, ಈಗ ಒತ್ತಿಬಿಡೋಣ ಅನ್ನುವ ಅವಸರ. ಹಿಂದಿನಿಂದ ಮೆಲ್ಲಗೆ "ಇಳಿಸಿ" ಅಂದರು. ನಾನು ಇಳಿಸಲಿಲ್ಲ, ಒತ್ತಿದೆ. ಗುಂಡು ಕಪ್ಪಿನಿಂದ ಆಚೆ, ಬಿಳಿ ಕಾಗದದ ಅಂಚಿಗೆ ಬಿತ್ತು. ಅವರು ಬೈಯಲಿಲ್ಲ. "ಮುಂದಿನ ಐದು ಸಲ ಗುರಿ ಹಿಡಿಯಿರಿ, ಹೊಡೆಯಬೇಡಿ. ಹಿಡಿಯಿರಿ, ಇಳಿಸಿ" ಅಂದರು. ಐದು ಸಲ ಎತ್ತಿದೆ, ಐದು ಸಲ ಇಳಿಸಿದೆ. ಎರಡನೇ ಸಲಕ್ಕೆ ಸಿಟ್ಟು ಬಂತು. ನಾಲ್ಕನೇ ಸಲಕ್ಕೆ ಭುಜ ಸಡಿಲವಾಯಿತು. ಐದನೇ ಸಲ ಇಳಿಸುವಾಗ ಕೈಯಲ್ಲಿ ನಡುಕ ಇರಲಿಲ್ಲ.

ಗುಂಡು ಹಾರಿಸದೆ ಇಳಿಸಲು ಬಂದವನಿಗೆ ಮಾತ್ರ ಹಾರಿಸಲು ಬರುತ್ತದೆ ಅಂತ ನನಗೆ ಅನ್ನಿಸಿದ್ದು ಆಗ. ನನ್ನ ಅಳಿಯನಿಗೆ ಇದು ನನಗಿಂತ ಬೇಗ ಹಿಡಿಸಿತು. ಒಂದೇ ಗುಂಡಿಗೆ ಮೂರು ಸಲ ಇಳಿಸಿ, ನಾಲ್ಕನೆಯದಕ್ಕೆ ಹೊಡೆದ. ಎಂಟು ಅಂಕ ಬಿತ್ತು. ಮನೆಗೆ ಬಂದು ಅಜ್ಜಿಗೆ ಹೇಳಿದ್ದು ಎಂಟರ ಸುದ್ದಿಯಲ್ಲ, "ಮೂರು ಸಲ ಇಳಿಸಿದೆ ಅಜ್ಜಿ" ಅಂತ.

ಇನ್ನೊಂದು ಸಂಗತಿ ಮುಚ್ಚಿಡುವುದಿಲ್ಲ. ನಮ್ಮ ಗೆಳೆಯ ಖುಷಿಯಲ್ಲಿ, ರೈಫಲ್ ಕೈಯಲ್ಲಿರುವಾಗಲೇ "ನೋಡೋ ಇಲ್ಲಿ" ಅಂತ ನಮ್ಮ ಕಡೆ ತಿರುಗಿಬಿಟ್ಟ. ಇಡೀ ಶೆಡ್ಡಿಗೆ ಕೇಳುವ ಹಾಗೆ 'ಸ್ಟಾಪ್' ಅಂದರು. ಅವನ ರೈಫಲ್ ತೆಗೆದುಕೊಂಡು ಅರ್ಧ ಗಂಟೆ ಬೆಂಚಿನ ಮೇಲೆ ಕೂರಿಸಿದರು. ನನ್ನ ತಂಗಿಯ ಮುಖ ಬಿಳಚಿಕೊಂಡಿತ್ತು. ಒಳಗೆ ಗುಂಡು ಇರಲಿಲ್ಲ. ಆದರೆ ಇರಬಹುದಿತ್ತು ಅಲ್ವಾ? ಅವನನ್ನು ಕೂರಿಸಿದ್ದು ಸರಿಯಾಯಿತು.

ಯಾರಾದರೂ ಹೋಗಿದ್ದೀರಾ? ಹೋಗಬೇಕು ಅಂತಿದ್ದೀರಾ? ಬರೆಯಿರಿ.


ಹಳೇ ಕೆಡೆಟ್ · ಸೋಮವಾರ, ರಾತ್ರಿ 10.05

ಸರ್, ಓದಿ ಎನ್‌ಸಿಸಿ ದಿನ ನೆನಪಾಯಿತು. ಕಾಲೇಜಿನಲ್ಲಿದ್ದಾಗ ಕ್ಯಾಂಪಿನಲ್ಲಿ ನಮಗೆ ಪಾಯಿಂಟ್ ಟೂ ಟೂ (0.22 ಇಂಚು ನಳಿಗೆಯ) ರೈಫಲ್ ಕೊಟ್ಟಿದ್ದರು. ನೆಲದ ಮೇಲೆ ಬೋರಲು ಮಲಗಿ ಐದು ರೌಂಡು. ಇಡೀ ವರ್ಷಕ್ಕೆ ಐದೇ ಐದು! ಬೆಳಿಗ್ಗೆ ನಾಲ್ಕಕ್ಕೆ ಎದ್ದು ಟ್ರಕ್ಕಿನಲ್ಲಿ ಹೋಗಿ, ಬಿಸಿಲಲ್ಲಿ ಸಾಲು ನಿಂತು, ಮಧ್ಯಾಹ್ನಕ್ಕೆ ನನ್ನ ಸರದಿ ಬಂತು. ಆ ಮದ್ದಿನ ವಾಸನೆ ಇವತ್ತಿಗೂ ಮೂಗಿನಲ್ಲಿದೆ. ನಮಗೂ ಮೊದಲು ಗ್ರೂಪಿಂಗೇ ನೋಡುತ್ತಿದ್ದರು, ನಟ್ಟನಡುವೆ ಬಿತ್ತಾ ಅಂತ ಅಲ್ಲ. ಐದು ತೂತು ಎಷ್ಟು ಹತ್ತಿರ ಇವೆ ಅಂತ ಅಳೆಯುತ್ತಿದ್ದರು.

ಆದರೆ ನೀವು ಹೇಳಿದ ಇಳಿಸುವ ಪಾಠ ನಮಗೆ ಸಿಗಲಿಲ್ಲ. ಹಿಂದೆ ಐವತ್ತು ಜನ ಕಾಯುತ್ತಿರುವಾಗ ಅದಕ್ಕೆಲ್ಲ ಹೊತ್ತೆಲ್ಲಿ? ಮೂವತ್ತು ವರ್ಷದ ಮೇಲೆ ಈಗ ಮತ್ತೆ ಹಿಡಿಯಬೇಕು ಅನ್ನಿಸುತ್ತಿದೆ.


ಹಿರಿಯೂರು ಅಮ್ಮ · ಸೋಮವಾರ, ರಾತ್ರಿ 10.40

ನಮಸ್ಕಾರ ಅಣ್ಣ. ನನ್ನ ಮಗಳು ಏಳನೇ ಕ್ಲಾಸು. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದದ್ದನ್ನು ಟಿವಿಯಲ್ಲಿ ನೋಡಿದಾಗಿನಿಂದ ಒಂದೇ ಹಟ. ನಮ್ಮ ಮನೆಯಲ್ಲಿ ಬಂದೂಕು ಅಂದರೆ ಹೆದರಿಕೆ. ನನಗೆ ಮೂರು ಪ್ರಶ್ನೆ. ಅವಳಿಗೆ ಕನ್ನಡಕ ಇದೆ, ಆಗುತ್ತದಾ? ಬರೆಯುವುದು ಬಲಗೈ, ಆದರೆ ಯಾವಾಗಲೂ ಎಡಗಣ್ಣಲ್ಲಿ ಇಣುಕುತ್ತಾಳೆ, ಅದು ದೋಷವಾ? ಮತ್ತೆ, ರೈಫಲ್ ನಾವೇ ಕೊಳ್ಳಬೇಕಾ? ನಾವು ಅಷ್ಟು ಅನುಕೂಲಸ್ಥರಲ್ಲ.


ಕುಂದವಾಡ ಕೆರೆ ದಂಡೆ · ಮಂಗಳವಾರ, ಬೆಳಿಗ್ಗೆ 7.15

ಅಕ್ಕ, ಕನ್ನಡಕಕ್ಕೆ ಏನೂ ತೊಂದರೆ ಇಲ್ಲ. ಎಡಗಣ್ಣು ದೋಷವೇ ಅಲ್ಲ. ನಮ್ಮೆಲ್ಲರಿಗೂ ಒಂದು ಕಣ್ಣು ಮುಂದಾಳು ಇರುತ್ತದೆ. ರೇಂಜಿನಲ್ಲಿ ಹೀಗೆ ನೋಡಿದರು: ಎರಡು ಕೈ ಚಾಚಿ, ಅಂಗೈಗಳ ನಡುವೆ ಒಂದು ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ಬಿಟ್ಟು ಗೋಡೆ ಗಡಿಯಾರ ನೋಡಬೇಕು. ಆಮೇಲೆ ಒಂದೊಂದೇ ಕಣ್ಣು ಮುಚ್ಚಬೇಕು. ಯಾವ ಕಣ್ಣು ತೆರೆದಾಗ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತದೋ ಅದೇ ಮುಂದಾಳು ಕಣ್ಣು. ಮಗಳಿಗೆ ಎಡಗಣ್ಣು ಬಂದರೆ ಎಡ ಭುಜಕ್ಕೆ ಇಟ್ಟು ಹೊಡೆಯುವುದನ್ನು ಕಲಿಸಬಹುದು, ಇಲ್ಲವೇ ಆ ಕಣ್ಣಿಗೆ ಒಂದು ಮರೆ ಕಟ್ಟಿ ಬಲಗಣ್ಣಲ್ಲಿ ಕಲಿಸಬಹುದು. ನನ್ನ ತಂಗಿಗೂ ಹಾಗೇ ಇತ್ತು, ಎಡಕ್ಕೆ ಹಿಡಿದಳು.

ರೈಫಲ್ ಕೊಳ್ಳಲು ಈಗಲೇ ಹೋಗಬೇಡಿ. ಅಲ್ಲಿಯದನ್ನೇ ಕೊಡುತ್ತಾರೆ. ಅಲ್ಲಿ ಎರಡು ಥರ ಇದ್ದವು. ಒಂದು, ನಳಿಗೆ ಮಡಚಿ ಸ್ಪ್ರಿಂಗ್ ಬಿಗಿ ಮಾಡುವುದು. ಹೊಡೆದಾಗ ಸ್ಪ್ರಿಂಗ್ ಕುಪ್ಪಳಿಸಿ ಕೈಯನ್ನೂ ಅಲುಗಿಸುತ್ತದೆ. ಇನ್ನೊಂದು, ಸಿಲಿಂಡರಿನಲ್ಲಿ ಒತ್ತಡದ ಗಾಳಿ ತುಂಬಿಸಿದ್ದು. ಸ್ಪರ್ಧೆಯಲ್ಲಿ ಎಲ್ಲರೂ ಹಿಡಿಯುವುದು ಇದನ್ನೇ. ಇದು ಹೊಡೆದರೂ ಹೊಡೆದ ಹಾಗೆ ಅನ್ನಿಸುವುದಿಲ್ಲ, 'ಟಪ್' ಅಂತ ಅಷ್ಟೇ. ಬೆಲೆ ಮಾತ್ರ ಜಾಸ್ತಿ. ಭಾರವೂ ಇದೆ. ಸ್ಪರ್ಧೆಯ ಏರ್ ರೈಫಲ್ 5.5 ಕೆ.ಜಿ.ವರೆಗೆ ಇರಬಹುದು. ಮಕ್ಕಳಿಗೆ ಮೊದಲು ಟೇಬಲ್ ಆಸರೆಯಲ್ಲೇ ಕಲಿಸುತ್ತಾರೆ.


ದುರ್ಗದ ಬತೇರಿ · ಮಂಗಳವಾರ, ಬೆಳಿಗ್ಗೆ 8.30

ಚಿತ್ರದುರ್ಗದವನು. ನಮ್ಮ ಕೋಟೆ ಗೋಡೆಯ ಮೇಲೆ ಬಂದೂಕಿನ ಕಿಂಡಿಗಳಿವೆಯಲ್ಲ, ಚಿಕ್ಕವನಿದ್ದಾಗ ಅವಕ್ಕೆ ಕಣ್ಣು ಹಚ್ಚಿ ಕೂರುತ್ತಿದ್ದೆ. ಕಿಂಡಿಯಿಂದ ನೋಡಿದರೆ ಇಡೀ ಬಯಲು ಮಾಯವಾಗಿ ಒಂದು ತುಂಡು ದಾರಿ ಮಾತ್ರ ಕಾಣುತ್ತದೆ. ನಿಮ್ಮ ಸೈಟಿನ ಬಳೆಯ ವಿವರ ಓದಿದಾಗ ಅದೇ ನೆನಪಾಯಿತು. ಇಂಥ ಊರಿನಲ್ಲಿ ಮಕ್ಕಳಿಗೆ ಗುರಿ ಕಲಿಯಲು ಒಂದು ಒಳ್ಳೆಯ ಜಾಗ ಬೇಕು ಅನ್ನುವುದು ನನ್ನ ಬಹಳ ದಿನದ ಆಸೆ.

ಒಂದು ಪ್ರಶ್ನೆ ಇದೆ. ಲೈಸೆನ್ಸ್ ವಿಷಯ ಏನು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.


ಹವಾಲ್ದಾರ್, ನಿವೃತ್ತ · ಮಂಗಳವಾರ, ಮಧ್ಯಾಹ್ನ 1.10

ಲೈಸೆನ್ಸ್ ಪ್ರಶ್ನೆಗೆ ಉತ್ತರ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆ 0.177 ಇಂಚು, ಅಂದರೆ 4.5 ಮಿ.ಮೀ. ಮೀರದೆ, ಶಕ್ತಿ 20 ಜೂಲ್ ಮೀರದೆ ಇದ್ದರೆ ಏರ್ ಗನ್ನಿಗೆ ಲೈಸೆನ್ಸ್ ಬೇಕಿಲ್ಲ. ಇದರಲ್ಲಿ ಯಾವುದು ಮೀರಿದರೂ ಬೇಕು. 0.22 ಇಂಚಿನ ಏರ್ ಗನ್ ಗಾಳಿಯದೇ ಆದರೂ ಲೈಸೆನ್ಸ್ ಬೇಕು. ಅಂಗಡಿಯವನು 'ಏನಾಗಲ್ಲ ಬಿಡಿ' ಅಂದರೂ ತರಬೇಡಿ. ಮದ್ದಿನ ಬಂದೂಕಿಗಾದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೆ ಸಾಮಾನ್ಯವಾಗಿ ಲೈಸೆನ್ಸ್ ಬೇಕು.

ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಆಟಿಕೆ ಅಲ್ಲ. ಹತ್ತಿರದಿಂದ ಕಣ್ಣಿಗೆ ಬಿದ್ದರೆ ಕಣ್ಣು ಹೋಯಿತು. ಮನೆಯಲ್ಲಿ ಇಡುವವರು ಬೀಗ ಹಾಕಿ ಇಡಿ, ಪೆಲೆಟ್ ಡಬ್ಬಿ ಬೇರೆ ಕಡೆ ಇಡಿ.


ಸೂಳೆಕೆರೆ ಏರಿ · ಮಂಗಳವಾರ, ಸಂಜೆ 6.45

ಎಲ್ಲರೂ ಖುಷಿಯಲ್ಲಿದ್ದೀರಿ, ನನ್ನ ಮಾತು ಕಹಿ ಅನ್ನಿಸಬಹುದು. ನಾನು ಮೇಷ್ಟ್ರು. ನಮ್ಮ ಊರಿನಲ್ಲಿ ದೊಡ್ಡ ಹುಡುಗರು ಏರ್ ಗನ್ ಹಿಡಿದು ಕೆರೆ ಏರಿ ಮೇಲೆ ಬೆಳ್ಳಕ್ಕಿ, ಗಿಳಿ ಹೊಡೆಯುವುದನ್ನು ಕಣ್ಣಾರೆ ಕಂಡಿದ್ದೇನೆ. ಒಮ್ಮೆ ರೆಕ್ಕೆಗೆ ಗುಂಡು ಬಿದ್ದ ಬೆಳ್ಳಕ್ಕಿಯೊಂದನ್ನು ನನ್ನ ವಿದ್ಯಾರ್ಥಿನಿ ಲಂಗದಲ್ಲಿ ಸುತ್ತಿಕೊಂಡು ಶಾಲೆಗೆ ತಂದಿದ್ದಳು. ಮಧ್ಯಾಹ್ನದ ತನಕ ಬದುಕಿತ್ತು. ಆ ಹುಡುಗಿ ಅವತ್ತು ಊಟ ಮಾಡಲಿಲ್ಲ.

ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸಿ ಯಾರೋ ಸತ್ತ ಸುದ್ದಿಯನ್ನೂ ಪೇಪರಿನಲ್ಲಿ ಓದುತ್ತೇವೆ. ಮಕ್ಕಳ ಕೈಗೆ ಇದನ್ನು ಕೊಟ್ಟು ಏನು ಕಲಿಸುತ್ತೇವೆ? ಗುರಿ ಕಲಿಯಲು ಬಿಲ್ಲು ಇದೆ, ಕೇರಂ ಇದೆ. ನಾನು ಜಗಳಕ್ಕೆ ಬರೆಯುತ್ತಿಲ್ಲ. ನಿಜವಾಗಿ ತಿಳಿಯಬೇಕಿದೆ.


ಜಗಳೂರು ಹೊಲ · ಮಂಗಳವಾರ, ರಾತ್ರಿ 8.20

ಮೇಷ್ಟ್ರೇ, ನಿಮ್ಮ ಮಾತಿನಲ್ಲಿ ನ್ಯಾಯ ಇದೆ. ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಬೆಳೆ ರಕ್ಷಣೆಗೆ ಲೈಸೆನ್ಸ್ ಇರುವ ಒಂದು ನಳಿಗೆಯ ಕೋವಿ ಇದೆ. ಶೇಂಗಾ ಹೊಲಕ್ಕೆ ಹಂದಿ ಬಂದರೆ ಆಕಾಶಕ್ಕೆ ಒಂದು ಈಡು, ಸದ್ದಿಗೇ ಓಡುತ್ತವೆ. ಚುನಾವಣೆ ಬಂದರೆ ಠಾಣೆಗೆ ಕೊಟ್ಟು ಬರಬೇಕು, ಮುಗಿದ ಮೇಲೆ ತರಬೇಕು. ಲೈಸೆನ್ಸ್ ನವೀಕರಣಕ್ಕೆ ಓಡಾಡಬೇಕು. ಕೋವಿ ಇರುವ ಮನೆಯವನಿಗೆ ಅದರ ಭಾರ ಗೊತ್ತು. ನಮ್ಮ ಅಪ್ಪ ನನಗೆ ಇಪ್ಪತ್ತೆರಡು ವರ್ಷ ಆಗುವ ತನಕ ಮುಟ್ಟಲು ಬಿಡಲಿಲ್ಲ. ಹಕ್ಕಿ ಹೊಡೆದು ಮೆರೆಯುವವರು ಯಾರ ಕೈಕೆಳಗೂ ಕಲಿತವರಲ್ಲ, ಅಂಗಡಿಯಿಂದ ಸೀದಾ ಕೆರೆಗೆ ಹೋದವರು.


ಕುಂದವಾಡ ಕೆರೆ ದಂಡೆ · ಮಂಗಳವಾರ, ರಾತ್ರಿ 10.30

ಮೇಷ್ಟ್ರೇ, ನೀವು ಬರೆದದ್ದು ಒಳ್ಳೆಯದಾಯಿತು. ಆ ಬೆಳ್ಳಕ್ಕಿಯ ಸಾಲು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಹಕ್ಕಿ ಹೊಡೆಯುವುದು ಆಟ ಅಲ್ಲ, ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಗಾಳಿ ಬಂದೂಕು, ಮದ್ದಿನ ಬಂದೂಕು ಅಂತ ಭೇದ ಮಾಡುವುದಿಲ್ಲ. ಸಂಭ್ರಮಕ್ಕೆ ಅಂತ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತರುವವರಿಗೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಅಂತ ಇದೆ. ಅಂಥವರ ಪರವಾಗಿ ನಾನು ಒಂದು ಮಾತೂ ಆಡುವುದಿಲ್ಲ.

ಆದರೆ ನನ್ನ ಅಳಿಯನ ಬಗ್ಗೆ ಹೇಳಬೇಕು. ಅವನು ಮೊಬೈಲಿನಲ್ಲಿ ದಿನಾ ಗುಂಡಿನ ಆಟ ಆಡುವ ಹುಡುಗ. ಅಲ್ಲಿ ಒಂದು ನಿಮಿಷಕ್ಕೆ ನೂರು ಗುಂಡು, ಬಿದ್ದವನು ಮತ್ತೆ ಎದ್ದು ಬರುತ್ತಾನೆ. ಯಾವುದಕ್ಕೂ ತೂಕ ಇಲ್ಲ. ಭಾನುವಾರ ಅವನು ಅರ್ಧ ದಿನಕ್ಕೆ ನಲವತ್ತು ಗುಂಡು ಹೊಡೆದ. ಒಂದೊಂದಕ್ಕೂ ಕಾದ. ನಮ್ಮ ಗೆಳೆಯನನ್ನು ಬೆಂಚಿಗೆ ಕೂರಿಸಿದ್ದನ್ನು ಕಣ್ಣಾರೆ ನೋಡಿದ. ರಾತ್ರಿ ಮನೆಯಲ್ಲಿ ಅವನ ತಮ್ಮ ಪ್ಲಾಸ್ಟಿಕ್ ಪಿಸ್ತೂಲನ್ನು ಅಜ್ಜಿಯ ಮುಖಕ್ಕೆ ಹಿಡಿದಾಗ, ಇವನು ಎದ್ದು ಹೋಗಿ ಅದರ ಮೂತಿಯನ್ನು ಮೆಲ್ಲಗೆ ನೆಲದ ಕಡೆ ತಿರುಗಿಸಿದ. ಯಾರೂ ಹೇಳಿರಲಿಲ್ಲ. ಬಿಲ್ಲಿನಿಂದಲೂ ಇದು ಬರಬಹುದು, ನಾನು ಇಲ್ಲ ಅನ್ನುವುದಿಲ್ಲ. ನಮ್ಮ ಹುಡುಗನಿಗೆ ಇಲ್ಲಿ ಬಂತು.

ನೀವೇ ಒಂದು ಸಲ ಬಂದು ನೋಡಿ ಮೇಷ್ಟ್ರೇ. ಹೊಡೆಯುವುದು ಬೇಡ, ಹಿಂದಿನ ಬೆಂಚಿನಲ್ಲಿ ಕೂತು ನೋಡಿ.


ಹವಾಲ್ದಾರ್, ನಿವೃತ್ತ · ಬುಧವಾರ, ಬೆಳಿಗ್ಗೆ 6.00

ಹೊಸದಾಗಿ ಹೋಗುವವರಿಗೆ ನನಗೆ ಗೊತ್ತಿರುವ ನಾಲ್ಕು ಮಾತು.

ಉಸಿರು ಕಟ್ಟಿ ಗುರಿ ಹಿಡಿಯಬೇಡಿ. ಉಸಿರು ಬಿಟ್ಟಾದ ಮೇಲೆ ಮತ್ತೆ ಎಳೆದುಕೊಳ್ಳುವ ಮೊದಲು ಒಂದು ಸಹಜ ವಿರಾಮ ಇರುತ್ತದೆ. ಅಲ್ಲಿ ಹೊಡೆಯಬೇಕು. ಆರೇಳು ಸೆಕೆಂಡಿನಲ್ಲಿ ಆಗಲಿಲ್ಲವೋ, ಇಳಿಸಿ. ಅದಕ್ಕಿಂತ ಜಾಸ್ತಿ ನಿಂತರೆ ಕಣ್ಣು ಮಸುಕಾಗುತ್ತದೆ, ಆದರೆ ಮಸುಕಾದದ್ದು ನಮಗೆ ಗೊತ್ತಾಗುವುದಿಲ್ಲ. ಬಿಲ್ಲೆ ನಡುವೆಯೇ ಇದೆ ಅಂತ ಮನಸ್ಸು ಸುಳ್ಳು ಹೇಳುತ್ತದೆ. ಮೊದಲು ಬರೆದವರ ಗುಂಡು ಆಚೆ ಬಿದ್ದದ್ದು ಹೀಗೆಯೇ.

ಟ್ರಿಗರ್ ಎಳೆಯುವುದಲ್ಲ, ಹಿಂಡುವುದು. ಬೆರಳಿನ ತುದಿಯ ಮೆತ್ತೆಯಿಂದ, ನೇರ ಹಿಂದಕ್ಕೆ. ಹಸುವಿನ ಕೆಚ್ಚಲಿಗೆ ಕೈ ಹಾಕಿದವರಿಗೆ ಇದು ಬೇಗ ಬರುತ್ತದೆ, ಜೋರು ಮಾಡಿದರೆ ಎರಡೂ ಕಡೆ ಕೆಲಸ ಕೆಟ್ಟಂತೆ. ಗುಂಡು ಹೋದ ಮೇಲೂ ಎರಡು ಸೆಕೆಂಡ್ ಹಾಗೇ ನಿಲ್ಲಿ. ಪೆಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ಹೋಗುತ್ತದೆ, ರೈಫಲ್ ಬುಲೆಟ್ಟಿಗೆ ಹೋಲಿಸಿದರೆ ನಿಧಾನ. ಅದು ನಳಿಗೆ ಬಿಡುವ ಮೊದಲೇ ನೀವು ತಲೆ ಎತ್ತಿ ಕಾರ್ಡು ನೋಡಿದರೆ ಗುರಿ ಕೆಟ್ಟಿತು.

ಸೈಟ್ ತಿರುಗಿಸುವಾಗ ತುಂಬ ಜನ ತಡಬಡಿಸುತ್ತಾರೆ. ಗುಂಡು ಯಾವ ಕಡೆ ಹೋಗಬೇಕೋ ಹಿಂದಿನ ಸೈಟನ್ನು ಆ ಕಡೆಗೆ ಸರಿಸಿ. ಎಡಕ್ಕೆ ಬೀಳುತ್ತಿದ್ದರೆ ಹಿಂದಿನ ಸೈಟ್ ಬಲಕ್ಕೆ. ಒಂದು ಗುಂಡು ನೋಡಿ ತಿರುಗಿಸಬೇಡಿ, ಐದರ ಗುಂಪು ನೋಡಿ.

ಪಿಸ್ತೂಲು ಬೇರೆಯದೇ ವಿದ್ಯೆ. ಒಂದೇ ಕೈ, ಇನ್ನೊಂದು ಕೈ ಜೇಬಿನಲ್ಲಿ. ಹತ್ತರ ಉಂಗುರ 11.5 ಮಿ.ಮೀ. ಇರುತ್ತದೆ, ರೈಫಲ್ಲಿಗಿಂತ ಬಹಳ ದೊಡ್ಡದು. ಆದರೂ ಸುಲಭ ಅಲ್ಲ. ಕಣ್ಣು ಮುಂದಿನ ಸೈಟಿನ ಮೇಲಿರಬೇಕು, ಕಾರ್ಡು ಮಸುಕಾಗಿಯೇ ಕಾಣಬೇಕು. ಗುರಿಯನ್ನೇ ದಿಟ್ಟಿಸುವ ಆಸೆ ಬಿಡುವುದಕ್ಕೆ ತಿಂಗಳುಗಟ್ಟಲೆ ಬೇಕು.

ಸ್ಪ್ರಿಂಗ್ ಏರ್ ಗನ್ ಇರುವವರು ಪೆಲೆಟ್ ಹಾಕದೆ ಟ್ರಿಗರ್ ಒತ್ತಬೇಡಿ. ಒಳಗಿನ ಪಿಸ್ಟನ್ ಬಡಿದು ಹಾಳಾಗುತ್ತದೆ. ನಳಿಗೆ ಮಡಚಿ ಪೆಲೆಟ್ ಹಾಕುವಾಗ ನಳಿಗೆಯನ್ನು ಗಟ್ಟಿಯಾಗಿ ಹಿಡಿದೇ ಇರಿ. ಜಾರಿದರೆ ಬೆರಳಿಗೆ ಅಪಾಯ.


ಹಿರಿಯೂರು ಅಮ್ಮ · ಬುಧವಾರ, ಬೆಳಿಗ್ಗೆ 11.20

ತುಂಬ ಧನ್ಯವಾದ ಸರ್, ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮಗಳಿಗೆ ಗಡಿಯಾರದ ಪರೀಕ್ಷೆ ಮಾಡಿದೆ, ಎಡಗಣ್ಣೇ. ಅವಳಿಗೆ ಒಂದೇ ಕೊರಗು. ನಮ್ಮ ಕಡೆಯ ಹೆಣ್ಣುಮಕ್ಕಳು ಯಾರಾದರೂ ಇದರಲ್ಲಿ ಇದ್ದಾರಾ ಅಂತ ಕೇಳುತ್ತಿದ್ದಾಳೆ. ಎಲ್ಲರೂ ಹರಿಯಾಣದವರೇ ಅಂತಾಳೆ.


ಹಳೇ ಕೆಡೆಟ್ · ಬುಧವಾರ, ಮಧ್ಯಾಹ್ನ 2.00

ಮೇಡಂ, ಮಗಳಿಗೆ ಸುಮಾ ಶಿರೂರು ಅವರ ಬಗ್ಗೆ ಹೇಳಿ. ಹುಟ್ಟಿದ್ದು ನಮ್ಮ ಚಿಕ್ಕಬಳ್ಳಾಪುರದಲ್ಲಿ. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ 10 ಮೀಟರ್ ಏರ್ ರೈಫಲ್ ಫೈನಲ್ ತಲುಪಿದವರು. ಅವನಿ ಲೇಖರಾ ಅವರಿಗೆ ಕಲಿಸಿದ್ದೂ ಇವರೇ. ಅವನಿ ಗಾಲಿಕುರ್ಚಿಯಲ್ಲಿ ಕೂತು ಟೋಕಿಯೋದಲ್ಲೂ ಪ್ಯಾರಿಸ್‌ನಲ್ಲೂ ಪ್ಯಾರಾಲಿಂಪಿಕ್ಸ್ ಚಿನ್ನ ಗೆದ್ದರು.

ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರದ್ದೂ ಹೇಳಿ. ಕೆನಡಾದಲ್ಲಿ ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದು ಪಿಸ್ತೂಲು ಹಿಡಿದವರು. 2013ರಲ್ಲಿ ಮುಖದ ಒಂದು ಬದಿ ಪಾರ್ಶ್ವವಾಯುವಿಗೆ ಸಿಕ್ಕಿತು. ಆದರೂ ಬಿಡಲಿಲ್ಲ, 2014ರ ಗ್ಲಾಸ್ಗೋ ಕಾಮನ್‌ವೆಲ್ತ್‌ನಲ್ಲಿ 10 ಮೀಟರ್ ಏರ್ ಪಿಸ್ತೂಲಿಗೆ ಬೆಳ್ಳಿ ಗೆದ್ದರು. 2016ರ ರಿಯೋಗೂ ಹೋಗಿದ್ದರು.

ಇನ್ನು ಅಭಿನವ್ ಬಿಂದ್ರಾ. 2008ರ ಬೀಜಿಂಗ್ ಫೈನಲ್ ನಾನು ಹಾಸ್ಟೆಲಿನ ಟಿವಿಯಲ್ಲಿ ಮಕ್ಕಳ ಜೊತೆ ಕೂತು ನೋಡಿದ್ದೆ. ಕೊನೆಯ ಗುಂಡಿಗೆ ಮೊದಲು ಅವರೂ ಇನ್ನೊಬ್ಬ ಸ್ಪರ್ಧಿಯೂ ಸಮ ಸಮ. ಬಿಂದ್ರಾ 10.8 ಹೊಡೆದರು. ಫೈನಲ್ಲಿನಲ್ಲಿ ಹತ್ತರ ಒಳಗೂ ದಶಮಾಂಶದಲ್ಲಿ ಎಣಿಸುತ್ತಾರೆ, ಒಂದು ಗುಂಡಿಗೆ 10.9ಕ್ಕಿಂತ ಜಾಸ್ತಿ ಇಲ್ಲವೇ ಇಲ್ಲ! ನಮ್ಮ ದೇಶಕ್ಕೆ ಒಬ್ಬರೇ ಆಡಿ ಗೆದ್ದ ಮೊದಲ ಒಲಿಂಪಿಕ್ಸ್ ಚಿನ್ನ ಅದು.


ಹೊಸದುರ್ಗ ತೋಟ · ಬುಧವಾರ, ರಾತ್ರಿ 7.50

ನಮ್ಮ ಮಾವನ ಮನೆ ಕೊಡಗಿನಲ್ಲಿ. ಅಲ್ಲಿ ಕೈಲ್ ಮುಹೂರ್ತದ ಹಬ್ಬಕ್ಕೆ ಕೋವಿಗೆ ಹೂವು ಇಟ್ಟು ಪೂಜೆ ಮಾಡಿ, ಆಮೇಲೆ ಎತ್ತರದಲ್ಲಿ ತೆಂಗಿನಕಾಯಿ ಕಟ್ಟಿ ಗುರಿ ಹೊಡೆಯುವ ಸ್ಪರ್ಧೆ ಇಡುತ್ತಾರೆ. ಹೆಂಗಸರೂ ಹೊಡೆಯುತ್ತಾರೆ. ನನ್ನ ನಾದಿನಿ ಒಂದೇ ಈಡಿಗೆ ಕಾಯಿ ಒಡೆದದ್ದನ್ನು ನೋಡಿದ್ದೇನೆ, ನೀರು ಬಿಸಿಲಿಗೆ ಫಳಕ್ ಅಂತ ಚಿಮ್ಮಿತು. ತೆಂಗು ನಮ್ಮ ಹೊಸದುರ್ಗದಲ್ಲಿ ಬೇಕಾದಷ್ಟಿದೆ, ಆ ಕಣ್ಣಳತೆ ನಮಗೂ ಬರಬೇಕು.


ಪಿ.ಬಿ. ರೋಡ್ · ಗುರುವಾರ, ಬೆಳಿಗ್ಗೆ 9.10

ಜಾತ್ರೆಯಲ್ಲಿ ಬಲೂನ್ ಹೊಡೆಯುವ ಅಂಗಡಿಗೆ ಮಕ್ಕಳನ್ನು ಬಿಡುವವರು ದಯವಿಟ್ಟು ಓದಿ. ಕೆಲವು ವರ್ಷದ ಹಿಂದೆ ಒಂದು ಜಾತ್ರೆಯಲ್ಲಿ ನಮ್ಮಣ್ಣನ ಮಗ ಬಲೂನಿಗೆ ಹೊಡೆದ. ಬಲೂನಿನ ಹಿಂದೆ ಬರೀ ಗಟ್ಟಿ ತಗಡು ಇತ್ತು. ಗುಂಡು ಪುಟಿದು ವಾಪಸ್ ಬಂದು ಅವನ ಹುಬ್ಬಿಗೆ ಬಡಿಯಿತು. ಎರಡು ಹೊಲಿಗೆ. ಅರ್ಧ ಇಂಚು ಕೆಳಗೆ ಬಿದ್ದಿದ್ದರೆ ಕಣ್ಣು. ರೇಂಜಿನಲ್ಲಿ ಓರೆ ತಗಡಿನ ಪೆಟ್ಟಿಗೆ ಇಡುತ್ತಾರೆ ಅಂತ ಓದಿದಾಗ ಇದನ್ನು ಹೇಳಲೇಬೇಕು ಅನ್ನಿಸಿತು. ಎಲ್ಲಿ ಹೊಡೆದರೂ ಕಣ್ಣಿಗೆ ಗಟ್ಟಿ ಕನ್ನಡಕ ಇರಲಿ.


ಸೂಳೆಕೆರೆ ಏರಿ · ಗುರುವಾರ, ಸಂಜೆ 7.30

ದಂಡೆಯವರೇ, ನಿಮ್ಮ ಉತ್ತರವನ್ನು ಎರಡು ಸಲ ಓದಿದೆ. ಪ್ಲಾಸ್ಟಿಕ್ ಪಿಸ್ತೂಲಿನ ಮೂತಿ ತಿರುಗಿಸಿದ ಹುಡುಗನನ್ನು ನೋಡಬೇಕು ಅನ್ನಿಸಿದೆ. ನನ್ನ ಆತಂಕ ಹೋಗಿಲ್ಲ. ಆದರೆ ಬರುತ್ತೇನೆ. ಬೆಂಚಿನಲ್ಲಿ ಕೂರುತ್ತೇನೆ. ಒಂಬತ್ತನೇ ಕ್ಲಾಸಿನ ಇಬ್ಬರು ಹುಡುಗರನ್ನು ಅವರ ಮನೆಯವರನ್ನು ಕೇಳಿ ಕರೆತರುತ್ತೇನೆ. ಅವರಲ್ಲಿ ಒಬ್ಬನ ಹತ್ತಿರ ಏರ್ ಗನ್ ಇದೆ.


ಕುಂದವಾಡ ಕೆರೆ ದಂಡೆ · ಗುರುವಾರ, ರಾತ್ರಿ 9.00

ಮೇಷ್ಟ್ರೇ, ತುಂಬ ಖುಷಿಯಾಯಿತು. ಆ ಹುಡುಗನನ್ನು ಖಂಡಿತ ಕರೆತನ್ನಿ. ಅವನ ಏರ್ ಗನ್ ಮನೆಯಲ್ಲೇ ಇರಲಿ.

ಹಾಗಾದರೆ ಬರುವ ಭಾನುವಾರಕ್ಕೆ ಲೆಕ್ಕ: ಮೇಷ್ಟ್ರು ಮತ್ತು ಇಬ್ಬರು ಹುಡುಗರು, ಹಿರಿಯೂರಿನ ಅಕ್ಕ ಮತ್ತು ಮಗಳು, ಹಳೇ ಕೆಡೆಟ್, ನಾವು ಮೂವರು. ಗೆಳೆಯನೂ ಬರುತ್ತಾನೆ, ಆ ಸುರಕ್ಷತೆಯ ಪಾಠ ಮತ್ತೆ ಕೇಳುತ್ತೇನೆ ಅಂದಿದ್ದಾನೆ. ಹಿರಿಯೂರಿನವರು ದುರ್ಗದವರೆಗೆ ಬಸ್ಸಿನಲ್ಲಿ ಬಂದರೆ, ಬತೇರಿಯವರೇ, ನಿಮ್ಮ ಕಾರಿನಲ್ಲಿ ಜಾಗ ಇದೆಯಾ? ಅಲ್ಲಿಂದ ಹೈವೇಯಲ್ಲಿ ಒಂದು ಗಂಟೆ ಸಾಕು.

ಚಪ್ಪಲಿ ಬೇಡ, ಚಪ್ಪಟೆ ಅಡಿಯ ಕ್ಯಾನ್ವಾಸ್ ಶೂ ಹಾಕಿ. ಸಡಿಲ ತೋಳಿನ ಬಟ್ಟೆ ಬೇಡ. ಬೆಳಿಗ್ಗೆ ಕಾಫಿ ಒಂದೇ ಲೋಟ ಕುಡಿಯಿರಿ, ಎರಡು ಕುಡಿದರೆ ಕೈ ನಡುಗುತ್ತದೆ. ಇದು ನನ್ನ ಅನುಭವ.

ಒಂದು ಬಿಟ್ಟೆ. ಪೆಲೆಟ್ ಸೀಸದ್ದು. ಭಾನುವಾರ ಮಧ್ಯಾಹ್ನ ತಂಗಿ ಮಂಡಕ್ಕಿ ಪೊಟ್ಟಣ ಬಿಚ್ಚಿದಾಗ ನಾನು ಕೈ ಹಾಕಲು ಹೋದೆ. ಕಲಿಸುವವರು ತಡೆದು "ಬೆರಳು ನೋಡಿ" ಅಂದರು. ಹೆಬ್ಬೆರಳು, ತೋರುಬೆರಳಿನ ತುದಿಯಲ್ಲಿ ಪೆನ್ಸಿಲ್ ಪುಡಿ ಸವರಿದ ಹಾಗೆ ಬೂದು ಬಣ್ಣ. ಸೀಸ ಹೊಟ್ಟೆಗೆ ಹೋದರೆ ವಿಷ, ಮಕ್ಕಳಿಗಂತೂ ಇನ್ನೂ ಕೆಟ್ಟದ್ದು. ಹೊರಗಿನ ನಲ್ಲಿಯಲ್ಲಿ ಸೋಪು ಹಚ್ಚಿ ಎರಡು ಸಲ ತೊಳೆದ ಮೇಲೆಯೇ ಮಂಡಕ್ಕಿ ಮಿರ್ಚಿ ಸಿಕ್ಕಿದ್ದು. ಪೆಲೆಟ್ಟನ್ನು ಬಾಯಲ್ಲಿ ಕಚ್ಚಿಕೊಳ್ಳುವ ಅಭ್ಯಾಸ ಯಾರಿಗಾದರೂ ಇದ್ದರೆ ಇವತ್ತೇ ಬಿಡಿ.


ದುರ್ಗದ ಬತೇರಿ · ಗುರುವಾರ, ರಾತ್ರಿ 9.25

ಕಾರಿನಲ್ಲಿ ಮೂರು ಸೀಟು ಖಾಲಿ ಇದೆ. ಹಿರಿಯೂರಿನ ಅಕ್ಕ, ಬೆಳಿಗ್ಗೆ ಎಂಟಕ್ಕೆ ಬಸ್ ಸ್ಟ್ಯಾಂಡ್ ಹತ್ತಿರ ನಿಂತಿರುತ್ತೇನೆ. ಮನೆಯವಳೂ ಬರುತ್ತಾಳೆ.


ಹಿರಿಯೂರು ಅಮ್ಮ · ಗುರುವಾರ, ರಾತ್ರಿ 9.50

ಬರುತ್ತೇವೆ ಅಣ್ಣ. ಮಗಳು ಈಗಲೇ ಬಾಗಿಲ ಹಿಂದೆ ಪೊರಕೆ ಹಿಡಿದು ನಿಂತಿದ್ದಾಳೆ. ಎಡ ಭುಜಕ್ಕೆ. ಎತ್ತುತ್ತಾಳೆ, ಇಳಿಸುತ್ತಾಳೆ. ಮಂಡಕ್ಕಿ ನೀವು ತನ್ನಿ, ಸೋಪು ನಾನು ತರುತ್ತೇನೆ.